ಅಕ್ಕಿಕಾಳು ಬಿದ್ದಾಗ ಒಡೆದುಹೋಗುವ ಚಿತ್ರ

ಸಿಂಧನೂರಿನಲ್ಲಿ ಮಾವನ ಮಗಳ ಮದುವೆ. ಮೊಣಕಾಲು ನೋವು ಅಂತ ಅಮ್ಮ ಹೋಗಿರಲಿಲ್ಲ. ಒಂದು ವಾರಕ್ಕೆ ಮದುವೆಯ ವಿಡಿಯೊ ಲಿಂಕ್ ಬಂತು. ರಾಯಚೂರಿನ ನಮ್ಮ ಮನೆಯ 32 ಇಂಚಿನ ಟಿವಿಗೆ ಹಾಕಿದೆ. ಚಿತ್ರ ಚೆನ್ನಾಗಿಯೇ ಬರ್ತಿತ್ತು. ಗಟ್ಟಿಮೇಳ ಶುರುವಾಗಿ ಅಕ್ಕಿಕಾಳು ಬೀಳೋಕೆ ಶುರುವಾದವು ನೋಡಿ, ಮದುಮಕ್ಕಳು, ಪುರೋಹಿತರು, ಹಿಂದೆ ನಿಂತ ಹೆಣ್ಣುಮಕ್ಕಳು ಎಲ್ಲ ಚೌಕ ಚೌಕ!

“ಏನೋ ಇದು, ಮಾರಿ ಮ್ಯಾಲೆ ಚೌಕಾಬಾರ ಬರದಂಗ ಆಗ್ಯಾದಲ್ಲ? ಹಿಂದ ನಿಂತಾಕಿ ಯಾರು?” ಅಂದರು ಅಮ್ಮ.

ಸೆಟ್ಟಿಂಗ್ ತೆಗೆದು ನೋಡಿದೆ. 1080 ಅಂತಲೇ ಇತ್ತು. ಸುಳ್ಳೇನೂ ಅಲ್ಲ. ಆದರೆ 1080 ಅನ್ನೋದು ಚುಕ್ಕೆಗಳ ಲೆಕ್ಕ ಅಷ್ಟೇ. ಅಡ್ಡಕ್ಕೆ 1920, ಉದ್ದಕ್ಕೆ 1080, ಒಟ್ಟು ಸುಮಾರು 20.7 ಲಕ್ಷ. ಆ ಚುಕ್ಕೆಗಳಲ್ಲಿ ಎಷ್ಟು ನಿಜ ಉಳಿದಿದೆ ಅನ್ನೋದನ್ನ ಅದು ಹೇಳಲ್ಲ.

ಒಂದು ಚುಕ್ಕೆಯ ಬಣ್ಣಕ್ಕೆ 3 ಬೈಟ್, ಅಂದ್ರೆ 24 ಬಿಟ್, ಸೆಕೆಂಡಿಗೆ 25 ಚಿತ್ರ ಅಂತ ಇಟ್ಟುಕೊಳ್ಳಿ. ಇದ್ದದ್ದು ಇದ್ದಂತೆ ಕಳಿಸಿದರೆ ಸೆಕೆಂಡಿಗೆ 124 ಕೋಟಿ ಬಿಟ್ ಆಗುತ್ತೆ. ಒಂದು ಗಂಟೆಗೆ ಸುಮಾರು 560 ಜಿಬಿ. ಸಾಮಾನ್ಯ ಮನೆಯ ನೆಟ್ಟು ಇದನ್ನ ತಾಳಿಕೊಳ್ಳಲ್ಲ. ನಾವು ಆನ್‌ಲೈನ್‌ನಲ್ಲಿ ನೋಡುವ ವಿಡಿಯೊಗೆ ಸೆಕೆಂಡಿಗೆ 50 ಲಕ್ಷ ಬಿಟ್ ಸಿಕ್ಕರೆ ಅದೇ ದೊಡ್ಡದು. ಅಂದ್ರೆ 250ರಲ್ಲಿ ಒಂದು ಪಾಲು ಮಾತ್ರ ನಮಗೆ ಬರುತ್ತೆ. ಉಳಿದ 249 ಪಾಲನ್ನ ಕಣ್ಣಿಗೆ ಗೊತ್ತಾಗದ ಹಾಗೆ ಎಸೆಯೋದೇ ಇಲ್ಲಿನ ಜಾಣತನ.

ಮೊದಲನೇ ಉಪಾಯ ಸೋಮಾರಿಯದ್ದು. ಮಂಟಪ ಅಲುಗಾಡಲ್ಲ, ಹಿಂದಿನ ಪರದೆ ಅಲುಗಾಡಲ್ಲ. ಅದನ್ನ ಪ್ರತಿ ಸಲ ಯಾಕೆ ಕಳಿಸಬೇಕು? ಒಂದು ಚಿತ್ರ ಪೂರ್ತಿ ಕಳಿಸಿ, ಆಮೇಲೆ ಬದಲಾದದ್ದನ್ನ ಮಾತ್ರ ಹೇಳಿದರೆ ಸಾಕು. “ಪುರೋಹಿತರ ಕೈ ಸ್ವಲ್ಪ ಎಡಕ್ಕೆ ಹೋಯ್ತು” ಅನ್ನೋ ಹಾಗೆ. ಅಕ್ಕಿಕಾಳು ಈ ಲೆಕ್ಕವನ್ನೇ ಕೆಡಿಸುತ್ತೆ. ಸಾವಿರಾರು ಕಾಳು, ಒಂದೊಂದಕ್ಕೂ ಒಂದೊಂದು ದಾರಿ. ಹಿಂದಿನ ಚಿತ್ರ ನೋಡಿ ಮುಂದಿನದನ್ನ ಊಹಿಸೋಕೇ ಆಗಲ್ಲ. ಹೇಳಬೇಕಾದ್ದು ಒಮ್ಮೆಲೇ ಹತ್ತು ಪಟ್ಟು ಆಯ್ತು, ಕೊಟ್ಟ ಬಿಟ್ ಮಾತ್ರ ಅಷ್ಟೇ. ಜೋರು ಮಳೆ, ಪಟಾಕಿ, ಜಾತ್ರೆಯ ಜನ, ಎಲ್ಲದರಲ್ಲೂ ಇದೇ ಪಾಡು.

ಚೌಕಗಳು ಬರೋದು ಎರಡನೇ ಉಪಾಯದಿಂದ. ಇದರ ಹಿಂದೆ ನಮ್ಮವರೊಬ್ಬರು ಇದ್ದಾರೆ. ನಾಸಿರ್ ಅಹ್ಮದ್, 1940ರಲ್ಲಿ ಬೆಂಗಳೂರಲ್ಲಿ ಹುಟ್ಟಿದವರು, ಅಲ್ಲೇ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದರು. ಉಪಾಯ ಇಷ್ಟು: ಚಿತ್ರವನ್ನ 8ಕ್ಕೆ 8 ಚುಕ್ಕೆಯ ಸಣ್ಣ ಚೌಕಗಳಾಗಿ ಕತ್ತರಿಸೋದು. ಪ್ರತಿ ಚೌಕದ ಬೆಳಕು ನೆರಳನ್ನ ಅಲೆಗಳ ಮೊತ್ತವಾಗಿ ಬರೆಯೋದು. ನಿಧಾನವಾಗಿ ಏರಿಳಿಯುವ ಅಲೆ ಅಂದ್ರೆ ಕೆನ್ನೆ, ಗೋಡೆ, ಆಕಾಶ. ಬಿರುಸಾಗಿ ಏರಿಳಿಯುವ ಅಲೆ ಅಂದ್ರೆ ಕೂದಲೆಳೆ, ಸೀರೆಯ ಸಣ್ಣ ಗೆರೆ. ಬಿರುಸಿನ ಅಲೆಗಳು ಸ್ವಲ್ಪ ಕಮ್ಮಿಯಾದರೂ ಕಣ್ಣು ಅಷ್ಟಾಗಿ ಗುರುತಿಸಲ್ಲ. ಹಾಗಾಗಿ ಕತ್ತರಿ ಮೊದಲು ಬೀಳೋದು ಅವಕ್ಕೆ. ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಇದರ ಹೆಸರು. 1972ರಲ್ಲಿ ಇದಕ್ಕೆ ಹಣ ಕೇಳಿದರೆ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕೊಡಲಿಲ್ಲ. ತೀರಾ ಸರಳ ಅನ್ನಿಸಿತಂತೆ! ಅಹ್ಮದ್ ಬಿಡಲಿಲ್ಲ. ನಟರಾಜನ್ ಮತ್ತು ಕೆ. ಆರ್. ರಾವ್ ಜೊತೆ 1974ರಲ್ಲಿ ಅದನ್ನ ಪ್ರಕಟಿಸಿದರು. ಇವತ್ತು ವಾಟ್ಸಾಪ್‌ನ ಫೋಟೊದಿಂದ ಹಿಡಿದು ಟಿವಿಯ ಕ್ರಿಕೆಟ್‌ವರೆಗೂ ಇದರ ಮರಿಗಳೇ ಓಡಾಡ್ತಿವೆ. ಬಿಟ್ ಸಾಲದೇ ಹೋದಾಗ ಕತ್ತರಿ ಜಾಸ್ತಿ ಆಡುತ್ತೆ, ಚೌಕದ ಅಂಚು ಹೊರಗೆ ಕಾಣುತ್ತೆ. ಅಮ್ಮನಿಗೆ ಕಂಡ ಚೌಕಾಬಾರ ಇದೇ.

ಫೋಟೊಗ್ರಾಫರ್‌ಗೆ ಫೋನ್ ಮಾಡಿ ಮೂಲ ಫೈಲ್ ಕೇಳಿದೆ. ಅದೂ 1080ನೇ, ಅದೂ ಒಂದು ಗಂಟೆಯದ್ದೇ. ಆದರೆ 9 ಜಿಬಿ ತೂಕ. ಸೆಕೆಂಡಿಗೆ 2 ಕೋಟಿ ಬಿಟ್, ಅಂದ್ರೆ ಆನ್‌ಲೈನ್‌ನದ್ದಕ್ಕಿಂತ ನಾಲ್ಕು ಪಟ್ಟು.

ಡೌನ್‌ಲೋಡ್ ಹಾಕಿದರೆ ಒಂದು ಗಂಟೆ ಹತ್ತು ನಿಮಿಷ ಬೇಕು ಅಂತು. ನಮ್ಮದು 100 ಎಂಬಿಪಿಎಸ್ ಪ್ಲಾನ್. ಇಲ್ಲಿ ಬಹಳ ಜನ ಎಡವುತ್ತಾರೆ. ಪ್ಲಾನ್‌ನಲ್ಲಿ ಹೇಳೋದು ಬಿಟ್, ಫೈಲ್ ಅಳೆಯೋದು ಬೈಟ್‌ನಲ್ಲಿ. 8 ಬಿಟ್ ಸೇರಿದರೆ ಒಂದು ಬೈಟ್. 100ರ ಪ್ಲಾನ್‌ನಲ್ಲಿ ಸೆಕೆಂಡಿಗೆ ಬರೋದು ಹೆಚ್ಚೆಂದರೆ 12.5 ಎಂಬಿ. ಹಾಗೆ ನೋಡಿದರೂ 9 ಜಿಬಿಗೆ 12 ನಿಮಿಷ ಸಾಕಿತ್ತು. ನಮಗೆ ಬರ್ತಿದ್ದದ್ದು ಎರಡು ಎಂಬಿ ಚಿಲ್ಲರೆ.

ಫೈಬರ್‌ನವರಿಗೆ ಬೈಯೋಕೆ ಫೋನ್ ಎತ್ತಿದೆ. ಅಷ್ಟರಲ್ಲಿ ಕೂಲರ್ ಕಣ್ಣಿಗೆ ಬಿತ್ತು.

40 ಡಿಗ್ರಿ ದಾಟಿದ ಬಿಸಿಲು. ಹಾಲ್‌ನಲ್ಲಿ ತಗಡಿನ ದೊಡ್ಡ ಕೂಲರ್ ತಂದಿಟ್ಟಿದ್ದೆವು. ಒಂದು ಕಡೆ ರೂಟರ್, ಇನ್ನೊಂದು ಕಡೆ ನಾನು, ಲ್ಯಾಪ್‌ಟಾಪ್. ನಡುವೆ ಇವನು. ತಗಡು ರೇಡಿಯೊ ಅಲೆಯನ್ನ ವಾಪಸ್ ಹೊಡೆಯುತ್ತೆ, ನೀರು ಅದನ್ನ ಕುಡಿಯುತ್ತೆ. ಮೈಕ್ರೋವೇವ್ ಒಲೆಯಲ್ಲಿ ಅನ್ನ ಬಿಸಿಯಾಗೋದು ನೀರಿನ ಇದೇ ಗುಣದಿಂದ, ಅಲ್ವಾ? ಆ ಒಲೆ ಮತ್ತು ಹಳೆಯ ವೈಫೈ ಎರಡೂ 2.4 ಗಿಗಾಹರ್ಟ್ಸ್ ಆಸುಪಾಸಿನವೇ. 5 ಗಿಗಾಹರ್ಟ್ಸ್ ವೈಫೈ ವೇಗದಲ್ಲಿ ಮುಂದು, ಆದರೆ ಗೋಡೆ, ನೀರು ಅಡ್ಡ ಬಂದರೆ ಅದಕ್ಕಿಂತ ಬೇಗ ಸುಸ್ತಾಗುತ್ತೆ. ನಮ್ಮ ಕಡೆಯ ಹಳೆ ಮನೆಗಳ ದಪ್ಪ ಕಲ್ಲಿನ ಗೋಡೆಯಂತೂ ಕೇಳಲೇ ಬೇಡಿ.

ಈ ಬಿಸಿಲಲ್ಲಿ ಕೂಲರ್ ಸರಿಸ್ತೀನಿ ಅಂದ್ರೆ ಮನೆಯಲ್ಲಿ ಯಾರೂ ಒಪ್ಪಲ್ಲ. ರೂಟರನ್ನೇ ಬಾಗಿಲ ಮೇಲೆ ಮೊಳೆ ಹೊಡೆದು ಏರಿಸಿದೆ, ತೋರಣದ ಪಕ್ಕ. ಸೆಕೆಂಡಿಗೆ ಹತ್ತು ಎಂಬಿ ಬರೋಕೆ ಶುರುವಾಯ್ತು. ಹದಿನೈದೇ ನಿಮಿಷದಲ್ಲಿ ಫೈಲ್ ಇಳಿಯಿತು.

ಮಧ್ಯಾಹ್ನ ಆಗಿದ್ದಕ್ಕೆ ಹೀಗೆ. ರಾತ್ರಿ ಒಂಬತ್ತಕ್ಕಾಗಿದ್ದರೆ ಬೇರೆ ಕಥೆ. ಮನೆ ಫೈಬರ್‌ನಲ್ಲಿ ಸಾಮಾನ್ಯವಾಗಿ ಬಳಸುವ ಜಿಪಾನ್ ವ್ಯವಸ್ಥೆಯಲ್ಲಿ ಒಂದು ಎಳೆಯಲ್ಲಿ ಸೆಕೆಂಡಿಗೆ ಸುಮಾರು 2,488 ಮೆಗಾಬಿಟ್ ಬರುತ್ತೆ. ಅದನ್ನ 32 ಮನೆಗೋ 64 ಮನೆಗೋ ಹಂಚ್ತಾರೆ. 32 ಮನೆಯವರೂ ಒಟ್ಟಿಗೆ ಎಳೆದರೆ ತಲಾ 78 ಕೂಡ ಸಿಗಲ್ಲ. ತುಂಗಭದ್ರಾ ಎಡದಂಡೆ ಕಾಲುವೆ 227 ಕಿಲೋಮೀಟರ್. ಮೇಲಿನವರು ಗೇಟು ಎತ್ತಿದರೆ ಕೆಳಭಾಗದ ರೈತರಿಗೆ ಏನು ಉಳಿಯುತ್ತೆ ಅಂತ ರಾಯಚೂರಿನವರಿಗೆ ಬಿಡಿಸಿ ಹೇಳಬೇಕಾ? ಆನ್‌ಲೈನ್ ವಿಡಿಯೊ ಇದಕ್ಕೂ ಹೊಂದಿಕೊಳ್ಳುತ್ತೆ. ಕೆಲವು ಸೆಕೆಂಡಿನ ತುಂಡುಗಳಾಗಿ ಬರುತ್ತೆ. ಹಿಂದಿನ ತುಂಡು ತಡವಾದರೆ ಮುಂದಿನದನ್ನ ಹಗುರದ್ದು ತರಿಸಿಕೊಳ್ಳುತ್ತೆ. ಚಿತ್ರ ಮಬ್ಬಾಗುತ್ತೆ, ನಿಲ್ಲಲ್ಲ. ಡೌನ್‌ಲೋಡ್‌ಗೆ ಈ ರಾಜಿ ಇಲ್ಲ. ತಡ ಆಗಬಹುದು, ಬಂದದ್ದು ಮಾತ್ರ ಪೂರ್ತಿ.

ಪೆನ್‌ಡ್ರೈವ್‌ಗೆ ಹಾಕಿ ಟಿವಿಗೆ ಸಿಕ್ಕಿಸಿದೆ. ಅಮ್ಮ ಕೂರೋದು ಹತ್ತು ಅಡಿ ದೂರ. ಮಂತ್ರ ಹೇಳುವ ಭಾಗವನ್ನ ಆನ್‌ಲೈನ್‌ನದ್ದು ಒಮ್ಮೆ, ಮೂಲದ್ದು ಒಮ್ಮೆ ತೋರಿಸಿದೆ. ಎರಡೂ ಒಂದೇ ಅಂದರು. ಅದೂ ಸರಿಯೇ. 32 ಇಂಚಿನ ಟಿವಿಯಲ್ಲಿ 1080ರ ಚುಕ್ಕೆಗಳನ್ನ ಬಿಡಿಬಿಡಿಯಾಗಿ ನೋಡಬೇಕಂದ್ರೆ ಒಳ್ಳೆ ಕಣ್ಣಿಗೂ ನಾಲ್ಕು ಅಡಿ ಹತ್ತಿರ ಬೇಕು. ಹತ್ತು ಅಡಿಯಿಂದ 720 ಸಾಕೋ ಸಾಕು.

ಗಟ್ಟಿಮೇಳ ಬಂತು, ಅಕ್ಕಿಕಾಳು ಬಿದ್ದವು. ಚೌಕ ಇಲ್ಲ. ಕಾಳುಗಳು ಕಾಳಾಗಿಯೇ ಬಿದ್ದವು. ಅಮ್ಮ ನಿಲ್ಲಿಸು ಅಂದರು. ಮೊಣಕಾಲು ಹಿಡಿದುಕೊಂಡು ಎದ್ದು ಟಿವಿ ಹತ್ತಿರ ಹೋದರು. ಹಿಂದೆ ನಿಂತಿದ್ದವರು ಲಿಂಗಸುಗೂರಿನ ನಮ್ಮ ಸಣ್ಣಮ್ಮ. ಉಟ್ಟಿದ್ದು ಇಳಕಲ್ ಸೀರೆ. ಅದರ ಸಣ್ಣ ಸಣ್ಣ ಗೆರೆಯೂ ಕಾಣ್ತಿತ್ತು.

“ಅಯ್ಯ, ಆ ಸೀರಿ ನಂದು!”