ಕಡಲಿಗೆ ಇಳಿಯುವ ಬಿಸಿಲಿನ ಲೆಕ್ಕ

ಕಡಲೊಳಗೆ ಇಳಿಯುವ ಬೆಳಕನ್ನು ಉಪಗ್ರಹ ನೇರವಾಗಿ ಅಳೆಯುವುದಿಲ್ಲ. ಸುಮಾರು 700 ಕಿ.ಮೀ. ಮೇಲಿರುವ ಅದಕ್ಕೆ ಕಾಣುವುದು ವಾಪಸ್ ಬರುವ ಬೆಳಕು ಮಾತ್ರ. ಹಾಗಾಗಿ ನಾವು ಮಾಡುವುದು ಕಳೆಯುವ ಲೆಕ್ಕ.

ಸಸ್ಯಪ್ಲವಕಗಳಿಗೆ, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳಿಗೆ, ಬೇಕಾದದ್ದು 400ರಿಂದ 700 ನ್ಯಾನೋಮೀಟರ್ ತರಂಗಾಂತರದ ಬೆಳಕು. ಇದಕ್ಕೆ ನಾವು ಪಾರ್ ಅನ್ನುತ್ತೇವೆ. ದಿನಾಂಕ, ಅಕ್ಷಾಂಶ ಗೊತ್ತಿದ್ದರೆ ಸೂರ್ಯನಿಂದ ಎಷ್ಟು ಬರುತ್ತದೆ ಅಂತ ಲೆಕ್ಕ ಹಾಕಬಹುದು. ಅದರಲ್ಲಿ ಓಝೋನ್, ದೂಳು ನುಂಗಿದ್ದನ್ನು ಮತ್ತು ಮೋಡ, ನೀರಿನ ಮೇಲ್ಮೈ ವಾಪಸ್ ಕಳಿಸಿದ್ದನ್ನು ಕಳೆದರೆ ಉಳಿದದ್ದು ಕಡಲಿನ ಪಾಲು. ಅಮೆರಿಕದ ಸ್ಕ್ರಿಪ್ಸ್ ಕಡಲ ವಿಜ್ಞಾನ ಸಂಸ್ಥೆಯ ರಾಬರ್ಟ್ ಫ್ರೂಯಿನ್ ಮತ್ತು ಜೊತೆಗಾರರು ಬೆಳೆಸಿದ ಈ ದಾರಿ ನನಗೆ ತುಂಬಾ ಇಷ್ಟ, ಯಾಕೆಂದರೆ ಮೋಡದ ದಪ್ಪ ಎಷ್ಟು, ಎತ್ತರ ಎಷ್ಟು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ. ಮೋಡದ ಹನಿಗಳು ಈ ಬೆಳಕನ್ನು ನುಂಗುವುದೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲಕ್ಕೆ ಹೋಗದ್ದು ಕೆಳಕ್ಕೆ ಬಂದಿದೆ, ಅಷ್ಟೇ.

ತೊಂದರೆ ಇರುವುದು ಗಡಿಯಾರದಲ್ಲಿ. 2002ರಲ್ಲಿ ಹಾರಿದ ನಾಸಾದ ಆಕ್ವಾ ಉಪಗ್ರಹ 2022ರ ಆರಂಭದವರೆಗೆ ಹಗಲಲ್ಲಿ ನಮ್ಮ ಮೇಲೆ ಹಾಯುತ್ತಿದ್ದದ್ದು ಮಧ್ಯಾಹ್ನ ಒಂದೂವರೆ ಸುಮಾರಿಗೆ. ನಮ್ಮ ಓಷನ್‌ಸ್ಯಾಟ್ ಹಾಯುವುದೂ ನಡುಹಗಲಿಗೇ. ಆ ಒಂದು ನೋಟದಲ್ಲಿ ಕಂಡ ಮೋಡವೇ ಬೆಳಗಿನಿಂದ ಸಂಜೆವರೆಗೆ ಇತ್ತು ಅಂತ ಇಟ್ಟುಕೊಂಡು ದಿನದ ಮೊತ್ತ ತೆಗೆಯುತ್ತೇವೆ. ಜುಲೈನಲ್ಲಿ ಮಂಗಳೂರಿನ ಆಚೆಯ ಕಡಲಿಗೆ ಇದು ಹೇಗೆ ಸರಿಹೋಗುತ್ತದೆ ಹೇಳಿ? ಬೆಳಿಗ್ಗೆ ಸುರಿದು, ಮಧ್ಯಾಹ್ನ ಅರ್ಧ ಗಂಟೆ ಬಿಸಿಲು ಬಂದು, ಮತ್ತೆ ಕವಿದರೆ ಉಪಗ್ರಹ ಆ ಬಿಸಿಲನ್ನೇ ಇಡೀ ದಿನಕ್ಕೆ ಹರಡಿಬಿಡುತ್ತದೆ. ಅದೇ ಹೊತ್ತಿನಲ್ಲಿ ಆಳದ ತಣ್ಣೀರು ಪೋಷಕಾಂಶ ಹೊತ್ತು ಮೇಲೆ ಬರುತ್ತಿರುತ್ತದೆ, ಬೆಳಕಿನ ಲೆಕ್ಕ ತಪ್ಪಿದರೆ ಮೀನಿನ ಮೇವಾದ ಸಸ್ಯಪ್ಲವಕಗಳ ಅಂದಾಜೂ ತಪ್ಪುತ್ತದೆ ಅಲ್ವಾ?

ಇದಕ್ಕೆ ಭೂಸ್ಥಿರ ಉಪಗ್ರಹಗಳೇ ಒಳ್ಳೆಯ ಜೊತೆ. ನಮ್ಮ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ 36,000 ಕಿ.ಮೀ. ಎತ್ತರದಿಂದ ಒಂದೇ ಕಡೆ ದಿಟ್ಟಿಸುತ್ತಾ, ಅರ್ಧ ಗಂಟೆಗೊಮ್ಮೆ ಚಿತ್ರ ಕೊಡುತ್ತದೆ. ಅದರ ಕಣ್ಣು ಅಷ್ಟು ಸೂಕ್ಷ್ಮವಲ್ಲ, ಬೆಳಕಿನ ಬಣ್ಣಗಳನ್ನು ಬಿಡಿಸಿ ನೋಡಲಾರದು. ಆದರೆ ಮೋಡ ಯಾವಾಗ ಬಂತು, ಯಾವಾಗ ಹೋಯಿತು ಅನ್ನುವುದು ಸಿಗುತ್ತದೆ, ನಮಗೆ ಬೇಕಾಗಿದ್ದೂ ಅದೇ.

ಸಂಶೋಧನಾ ವಿದ್ಯಾರ್ಥಿಗಳು ಮಳೆಗಾಲದ ಒಂದು ದಿನದ ಪಾರ್ ನಕ್ಷೆಯನ್ನು ಸುಮ್ನೆ ಹಾಗೇ ಎತ್ತಿಕೊಳ್ಳಬೇಡಿ. ಕೈಯಲ್ಲಿ ಆಕ್ವಾ ಮಾತ್ರ ಇದ್ದರೆ ಎಂಟು ದಿನದ ಅಥವಾ ತಿಂಗಳ ಸರಾಸರಿ ಬಳಸಿ. ಮೋಡದ ಏರುಪೇರು ಅಲ್ಲಿ ಸಾಕಷ್ಟು ತಣಿದಿರುತ್ತದೆ.