ಸಾರ್ವಜನಿಕ ಅಹವಾಲು: ಗ್ಯಾಸ್ ಪೈಪ್ ಹೊಲಕ್ಕೆ ಬರುವ ಮೊದಲು

'ಸಾರ್ವಜನಿಕ ಅಹವಾಲು' ಎಂದ ಕೂಡಲೇ ನಮಗೆ ನೆನಪಾಗುವುದು ಶಾಮಿಯಾನ. ವೇದಿಕೆ ಮೇಲೆ ಜಿಲ್ಲಾಧಿಕಾರಿ, ಪಕ್ಕದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯವರು, ಎದುರಿಗೆ ಹಸಿರು ಶಾಲು ಹೊದ್ದ ರೈತರು, ಮೈಕ್‌ಗಾಗಿ ಜಗ್ಗಾಟ. ಒಂದು ಯೋಜನೆಗೆ ಒಪ್ಪಿಗೆ ಕೊಡುವ ಮೊದಲು, ಅದರಿಂದ ತೊಂದರೆ ಆಗಬಹುದಾದ ಜನರ ಮಾತು ಕೇಳಿ ಬರೆದಿಡಬೇಕು ಎಂಬ ಏರ್ಪಾಟು ಇದು. ಪರಿಸರ ಅನುಮತಿಯ ನಿಯಮಗಳಿಗೆ ಇದು ಸೇರಿದ್ದು 1997ರಲ್ಲಿ. ಈಗಿನ ಸಭೆಗಳು ನಡೆಯುವುದು 2006ರ ಅಧಿಸೂಚನೆಯ ಪ್ರಕಾರ.

ಆ ಅಧಿಸೂಚನೆಯಲ್ಲಿ ಒಳ್ಳೆಯ ಅಂಶಗಳಿವೆ. ಸಭೆಗೆ 30 ದಿನ ಮೊದಲೇ ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು. ಅದರಲ್ಲಿ ಒಂದು ಪತ್ರಿಕೆ ಸ್ಥಳೀಯ ಭಾಷೆಯದಾಗಿರಬೇಕು. ಯೋಜನೆಯಿಂದ ಪರಿಸರಕ್ಕೆ ಏನಾಗುತ್ತದೆ ಎಂಬ ಕರಡು ವರದಿಯ ಸಾರಾಂಶ ಕನ್ನಡದಲ್ಲಿ ಸಿಗಬೇಕು. ಜಿಲ್ಲಾಧಿಕಾರಿ ಅಥವಾ ಅಪರ ಜಿಲ್ಲಾಧಿಕಾರಿಗಿಂತ ಕೆಳಗಿಲ್ಲದವರು ಅಧ್ಯಕ್ಷತೆ ವಹಿಸಬೇಕು. ವಿಡಿಯೋ ಆಗಬೇಕು. ಜನ ಹೇಳಿದ್ದನ್ನು ಕೊನೆಗೆ ಅಲ್ಲೇ ಓದಿ ಹೇಳಬೇಕು. ಆದರೆ ಇಷ್ಟೇ ಜನ ಇರಬೇಕು ಎಂಬ ಕೋರಂ ಇಲ್ಲ. ಹತ್ತು ಜನ ಬಂದರೂ ಸಭೆ ನಡೆಯುತ್ತದೆ, ಲೆಕ್ಕಕ್ಕೂ ಸೇರುತ್ತದೆ. 'ಬಹಿಷ್ಕಾರ ಹಾಕಿದ್ರೆ ಸಭೆ ನಿಲ್ಲುತ್ತೆ' ಎಂದುಕೊಳ್ಳುವವರಿಗೆ ಈ ವಿಷಯ ಗೊತ್ತಿರಬೇಕು. ಇನ್ನೊಂದು ಮಾತು: ಇದು ಮತದಾನವಲ್ಲ. ಬಂದವರೆಲ್ಲ ಬೇಡ ಎಂದರೂ ಯೋಜನೆ ತಾನಾಗಿ ನಿಲ್ಲುವುದಿಲ್ಲ. ಜನ ಕೇಳಿದ್ದಕ್ಕೆ ಕಂಪನಿ ತನ್ನ ಅಂತಿಮ ವರದಿಯಲ್ಲಿ ಉತ್ತರ ಕೊಡಬೇಕಾಗುತ್ತದೆ, ಅಷ್ಟೇ.

ಈಗ ಗ್ಯಾಸ್ ಪೈಪ್‌ಲೈನ್ ವಿಷಯಕ್ಕೆ ಬರೋಣ. ಮಹಾರಾಷ್ಟ್ರದ ದಾಭೋಲ್‌ನಿಂದ ಬೆಂಗಳೂರಿಗೆ ಬರುವ ಗೇಲ್ ಕಂಪನಿಯ ಕೊಳವೆ ಚಿತ್ರದುರ್ಗ ದಾಟಿ ತುಮಕೂರು ಜಿಲ್ಲೆಯ ಹೊಲಗಳ ಕೆಳಗೇ ಹೋಗಿದೆ. 2013ರಿಂದ ಅದರಲ್ಲಿ ಗ್ಯಾಸ್ ಹರಿಯುತ್ತಿದೆ. ನಾಳೆ ಇಂಥದೇ ಇನ್ನೊಂದು ಕೊಳವೆ ಬರುತ್ತದೆ ಎಂದುಕೊಳ್ಳಿ. ಶಿರಾದಲ್ಲೋ ಗುಬ್ಬಿಯಲ್ಲೋ ಶಾಮಿಯಾನ ಹಾಕುತ್ತಾರೆ, ಆಗ ಹೋಗಿ ಮಾತಾಡೋಣ ಎಂದು ಕಾಯುತ್ತಾ ಕೂತರೆ ಆ ದಿನ ಬರದೇ ಹೋಗಬಹುದು. ಯಾಕೆಂದರೆ 2006ರ ಅಧಿಸೂಚನೆಯ ಪಟ್ಟಿಗೆ ತೈಲ, ಅನಿಲ ಕೊಳವೆಗಳು ಸೇರುವುದು ರಾಷ್ಟ್ರೀಯ ಉದ್ಯಾನ, ಅಭಯಾರಣ್ಯ, ಪರಿಸರ ಸೂಕ್ಷ್ಮ ಪ್ರದೇಶಗಳಂಥ ಕಡೆ ಹಾದುಹೋದಾಗ. ರಾಗಿ ಹೊಲ, ತೆಂಗಿನ ತೋಟ, ಮಾವಿನ ತೋಪು ಆ ಸಾಲಿನಲ್ಲಿ ಬರುವುದಿಲ್ಲ.

ಹಾಗಾದರೆ ರೈತನ ಮಾತು ಯಾರು ಕೇಳುತ್ತಾರೆ? ಅದಕ್ಕೆ ಹಳೆಯ ಕಾನೂನೊಂದಿದೆ, 1962ರ ಪೆಟ್ರೋಲಿಯಂ ಮತ್ತು ಖನಿಜ ಕೊಳವೆ ಮಾರ್ಗಗಳ ಕಾಯ್ದೆ. ಸರ್ಕಾರ ಇಲ್ಲಿ ಜಮೀನು ಕೊಳ್ಳುವುದಿಲ್ಲ. ಪಹಣಿಯಲ್ಲಿ ಹೆಸರು ನಿಮ್ಮದೇ ಇರುತ್ತದೆ. ನೆಲದಡಿಯಲ್ಲಿ ಕೊಳವೆ ಹಾಕುವ 'ಬಳಕೆ ಹಕ್ಕು' ಮಾತ್ರ ಅವರದಾಗುತ್ತದೆ. ಅದಕ್ಕೆ ಮೊದಲು ಸರ್ವೆ ನಂಬರ್‌ಗಳ ಸಮೇತ ಗೆಜೆಟ್‌ನಲ್ಲಿ ಅಧಿಸೂಚನೆ ಹೊರಡಬೇಕು. ಅದಾದ 21 ದಿನದೊಳಗೆ ಜಮೀನಿನಲ್ಲಿ ಹಿತಾಸಕ್ತಿ ಇರುವ ಯಾರೇ ಆಗಲಿ ಬರವಣಿಗೆಯಲ್ಲಿ ತಕರಾರು ಸಲ್ಲಿಸಬಹುದು. ಕಾಯ್ದೆ ಹೇಳುವ 'ಸಕ್ಷಮ ಪ್ರಾಧಿಕಾರಿ', ಅಂದರೆ ಈ ಕೆಲಸಕ್ಕೆಂದೇ ನೇಮಕವಾದ ಅಧಿಕಾರಿ, ತಕರಾರು ಕೊಟ್ಟವರನ್ನು ಕರೆಸಿ ಕೇಳಲೇಬೇಕು. ನೀವೇ ಹೋಗಬಹುದು, ವಕೀಲರನ್ನೂ ಕಳಿಸಬಹುದು. ಅಲ್ಲಿ ಕೊಟ್ಟ ಆದೇಶವೇ ಅಂತಿಮ ಎನ್ನುತ್ತದೆ ಕಾಯ್ದೆ. ಶಾಮಿಯಾನವಿಲ್ಲ, ಮೈಕಿಲ್ಲ. ಮೇಜಿನ ಆಚೆ ಒಬ್ಬರು, ಈಚೆ ಒಬ್ಬರು. ಪೈಪ್‌ಲೈನ್ ಮಟ್ಟಿಗೆ ನಿಜವಾದ ಅಹವಾಲು ಇದೇ ಎನ್ನುವುದು ನನ್ನ ಅಭಿಪ್ರಾಯ.

21 ದಿನ ಎಂದರೆ ಎಷ್ಟು ಕಮ್ಮಿ ಅಲ್ವಾ? ಗೆಜೆಟ್ ಓದುವ ಊರು ಯಾವುದಿದೆ? ಸಾಮಾನ್ಯವಾಗಿ ಈ ಅಧಿಸೂಚನೆಗಳಲ್ಲೇ ಒಂದು ಸಾಲು ಇರುತ್ತದೆ: ಗೆಜೆಟ್ ಪ್ರತಿಗಳು ಸಾರ್ವಜನಿಕರಿಗೆ ಸಿಗುವಂತಾದ ದಿನದಿಂದ 21 ದಿನ ಎಂದು. ಆದ್ದರಿಂದ ಪ್ರತಿ ನಿಮ್ಮ ಕೈಗೆ ಯಾವಾಗ ಸಿಗುವಂತಾಯಿತು ಎಂಬುದಕ್ಕೆ ದಾಖಲೆ ಇಟ್ಟುಕೊಳ್ಳುವುದು ಒಳ್ಳೆಯದು. ನಮ್ಮ ಕಡೆಯ ದೊಡ್ಡ ತೊಡಕು ಬೇರೆಯೇ ಇದೆ. ಪಹಣಿ ಇನ್ನೂ ತೀರಿಹೋದ ತಾತನ ಹೆಸರಲ್ಲೇ ಇರುತ್ತದೆ. ವಾರಸುದಾರರ ಹೆಸರಿಗೆ ಖಾತೆ ಬದಲಿಸುವ ಪೌತಿ ಖಾತೆ ಮಾಡಿಸುವುದನ್ನು ಮುಂದಕ್ಕೆ ಹಾಕುತ್ತಾ ಬಂದಿರುತ್ತಾರೆ. ನೋಟಿಸ್ ತಾತನ ಹೆಸರಿಗೆ ಬಂದು ಯಾರ ಕೈಗೂ ಸಿಗದೆ ಉಳಿದುಬಿಡಬಹುದು.

ತಕರಾರಿನಲ್ಲಿ ಏನು ಬರೆಯಬೇಕು ಎಂಬುದೂ ಮುಖ್ಯ. 'ನಮಗೆ ಅನ್ಯಾಯವಾಗುತ್ತದೆ, ಯೋಜನೆ ಬೇಡ' ಎಂದಷ್ಟೇ ಬರೆದರೆ ಅಧಿಕಾರಿಗೆ ಪರಿಶೀಲಿಸಲು ಏನೂ ಸಿಗುವುದಿಲ್ಲ. ಕಾಯ್ದೆಯಲ್ಲೇ ಕೆಲವು ನಿಷೇಧಗಳಿವೆ. ಅಧಿಸೂಚನೆಗೆ ಮೊದಲಿಂದ ವಾಸದ ಮನೆ ಇರುವ ಜಾಗದ ಕೆಳಗೆ, ಮನೆಗೆ ಹೊಂದಿಕೊಂಡ ಜಾಗದ ಕೆಳಗೆ, ಕಾಯಂ ಕಟ್ಟಡದ ಕೆಳಗೆ ಕೊಳವೆ ಹಾಕುವಂತಿಲ್ಲ. ನೆಲಮಟ್ಟದಿಂದ ಒಂದು ಮೀಟರ್‌ಗಿಂತ ಕಡಿಮೆ ಆಳದಲ್ಲಿ ಹಾಕುವಂತಿಲ್ಲ. ತೋಟದ ನಡುವೆ ಬರುವ ಗೆರೆಯನ್ನು ಬದುವಿನ ಪಕ್ಕಕ್ಕೋ ಬೀಳು ಜಮೀನಿಗೋ ಸರಿಸಬಹುದು ಎಂದು ಸರ್ವೆ ನಕ್ಷೆ, ಮರಗಳ ಎಣಿಕೆ, ಫೋಟೋ ಲಗತ್ತಿಸಿ ತೋರಿಸಿದರೆ ಆ ಮಾತಿಗೆ ತೂಕ ಬರುತ್ತದೆ. ಕೊಟ್ಟ ಅರ್ಜಿಗೆ ಸೀಲು ಹಾಕಿದ ಸ್ವೀಕೃತಿ ಪಡೆಯದೆ ಬರಬೇಡಿ.

ಇಷ್ಟೆಲ್ಲ ಯಾಕೆ ಎಂದರೆ, ಕೊಳವೆ ಹೂತು ಮಣ್ಣು ಮುಚ್ಚಿದ ಮೇಲೂ ಆ ನೆಲದ ಪಟ್ಟಿ ಮೊದಲಿನಂತೆ ಇರುವುದಿಲ್ಲ. ರಾಗಿ, ಹುರುಳಿ, ಕಡಲೆಕಾಯಿ ಬೆಳೆಯಬಹುದು. ಮನೆ ಕಟ್ಟುವಂತಿಲ್ಲ, ಬಾವಿ, ಕೆರೆ ತೋಡುವಂತಿಲ್ಲ, ಮರ ನೆಡುವಂತಿಲ್ಲ. ತಿಪಟೂರು, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟದವರಿಗೆ 'ಮರ ನೆಡುವಂತಿಲ್ಲ' ಎಂಬುದು ಸಣ್ಣ ಮಾತಲ್ಲ. ಕೋಲಾರದ ಕಡೆ ಸಾವಿರ ಅಡಿ ದಾಟಿ ಬೋರ್‌ವೆಲ್ ಕೊರೆಸುವ ರೈತನಿಗೆ, ನೀರು ಬೀಳಬಹುದಾದ ಜಾಗ ಆ ಪಟ್ಟಿಯಲ್ಲೇ ಇದ್ದರೆ ಕಥೆ ಮುಗಿಯಿತು. ಈ ಬಳಕೆ ಹಕ್ಕಿಗೆ ಕಾಯ್ದೆ ಕೊಡುವುದು ಅಧಿಸೂಚನೆ ಹೊರಟ ದಿನದ ಮಾರುಕಟ್ಟೆ ಬೆಲೆಯ ಶೇ. 10. ಬೆಳೆ, ಮರಗಳ ನಷ್ಟಕ್ಕೆ ಪರಿಹಾರ ಬೇರೆ. 1962ರಲ್ಲಿ ಬರೆದ ಈ ಶೇ. 10 ಇವತ್ತಿನ ತೋಟಕ್ಕೆ ಯಾವ ಲೆಕ್ಕದಲ್ಲೂ ಸಾಲದು ಎಂದೇ ನನಗನ್ನಿಸುತ್ತದೆ.

ಗೆರೆ ಎಳೆಯುವುದಕ್ಕೂ ಮೊದಲು ಇನ್ನೊಂದು ಹಂತವಿದೆ. ದೆಹಲಿಯಲ್ಲಿ 2006ರ ಕಾಯ್ದೆಯಡಿ ರಚನೆಯಾದ ಪೆಟ್ರೋಲಿಯಂ ಮತ್ತು ನೈಸರ್ಗಿಕ ಅನಿಲ ನಿಯಂತ್ರಣ ಮಂಡಳಿ ಇದೆ. ಹೊಸ ಅನಿಲ ಕೊಳವೆಗೆ ಅನುಮತಿ ಕೊಡುವುದು, ಸಾಗಣೆ ದರ ನಿಗದಿ ಮಾಡುವುದು ಅದರ ಕೆಲಸ. ಅದೂ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆದರೆ ಅಲ್ಲಿ ಚರ್ಚೆಯಾಗುವುದು ಸಾಮರ್ಥ್ಯ, ದರ, ಬೇಡಿಕೆ. ನಿಮ್ಮ ಸರ್ವೆ ನಂಬರ್ ಅಲ್ಲಿ ಇನ್ನೂ ಹುಟ್ಟಿರುವುದಿಲ್ಲ.

ಬೇರೆ ಥರವೂ ಕೇಳಬಹುದು ಎಂಬುದಕ್ಕೆ ಕೆನಡಾದ ಉದಾಹರಣೆ ಇದೆ. ಉತ್ತರ ಧ್ರುವದ ಕಡೆಯ ಗ್ಯಾಸನ್ನು ಮೆಕೆಂಜಿ ಕಣಿವೆಯ ಮೂಲಕ ದಕ್ಷಿಣಕ್ಕೆ ತರುವ ಯೋಜನೆ ಬಂದಾಗ 1974ರಲ್ಲಿ ಸರ್ಕಾರ ನ್ಯಾಯಮೂರ್ತಿ ಥಾಮಸ್ ಬರ್ಜರ್ ಅವರನ್ನು ವಿಚಾರಣೆಗೆ ನೇಮಿಸಿತು. ಅವರು ಜನರನ್ನು ತಾವಿದ್ದಲ್ಲಿಗೆ ಕರೆಸಿಕೊಂಡು ಸುಮ್ಮನಾಗಲಿಲ್ಲ. ತಾವೇ 35 ಊರುಗಳಿಗೆ ಹೋದರು. ಮೂಲನಿವಾಸಿಗಳು ತಮ್ಮ ಭಾಷೆಯಲ್ಲೇ ಮಾತಾಡಿದರು. ವಾದ ಮಂಡಿಸಲು ಅವರ ಸಂಘಟನೆಗಳಿಗೆ ಬರ್ಜರ್ ಹಣವನ್ನೂ ಕೊಡಿಸಿದರು. 1977ರ ವರದಿಯಲ್ಲಿ, ಮೊದಲು ಭೂಮಿಯ ಹಕ್ಕು ತೀರ್ಮಾನವಾಗಲಿ, ಹತ್ತು ವರ್ಷ ಕೊಳವೆ ಬೇಡ ಎಂದರು. ಕೊಳವೆ ಬೇಕೇ ಬೇಡವೇ ಎಂಬ ಪ್ರಶ್ನೆಯೇ ಅಲ್ಲಿ ತೆರೆದಿತ್ತು.

ನಮ್ಮ ಪಕ್ಕದಲ್ಲೇ ಆದದ್ದು ನೋಡಿ. ಕೊಚ್ಚಿಯಿಂದ ಬೆಂಗಳೂರು, ಮಂಗಳೂರಿಗೆ ಗ್ಯಾಸ್ ತರುವ ಗೇಲ್ ಕಂಪನಿಯ ಕೊಳವೆ ತಮಿಳುನಾಡಿನ ಏಳು ಜಿಲ್ಲೆ ದಾಟಬೇಕಿತ್ತು. ಕೋಲಾರದ ಗಡಿಗೆ ಅಂಟಿಕೊಂಡ ಕೃಷ್ಣಗಿರಿಯೂ ಅದರಲ್ಲಿತ್ತು. ರೈತರು ತಿರುಗಿಬಿದ್ದರು. ಹೈಕೋರ್ಟ್ ಸೂಚನೆಯಂತೆ 2013ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಕೊಯಮತ್ತೂರಿನಲ್ಲಿ ರೈತರ ಅಹವಾಲು ಕೇಳಿತು. ಹೊಲ ಬಿಟ್ಟು ಹೆದ್ದಾರಿ ಪಕ್ಕ ಹಾಕಿ ಎಂದೂ ಹೇಳಿತು. ಅದೇ ವರ್ಷ ಹೈಕೋರ್ಟ್ ಆ ಆದೇಶ ರದ್ದು ಮಾಡಿತು. 2016ರಲ್ಲಿ ಸುಪ್ರೀಂ ಕೋರ್ಟ್ ಕೂಡ ಕಂಪನಿಯ ಪರ ನಿಂತಿತು. ರೈತರನ್ನು ಕೇಳಿದ್ದು ರಾಜ್ಯ, ಆದರೆ 1962ರ ಕಾಯ್ದೆಯಲ್ಲಿ ಅಧಿಕಾರ ಇರುವುದು ಕೇಂದ್ರಕ್ಕೆ. ಅದೂ ಗೆರೆ ಎಳೆದಾದ ಮೇಲೆ ನಡೆದ ಮಾತು.

ಕೊನೆಗೆ ಒಂದು ಗೊಂದಲ ಬಿಡಿಸಬೇಕು. ಪೈಪ್ ಹಾಕುವ ಹೊತ್ತಿಗೆ ಊರಲ್ಲಿ ಒಂದು ಸಭೆ ಕರೆದು ಮರಕ್ಕೆ ಇಷ್ಟು, ಬೆಳೆಗೆ ಇಷ್ಟು ಎಂದು ಮಾತಾಡಿಸುವುದುಂಟು. ಅದು ಪರಿಹಾರದ ಮಾತುಕತೆ, ಸಾರ್ವಜನಿಕ ಅಹವಾಲಲ್ಲ. ಅಲ್ಲಿ ಎದ್ದು ನಿಂತು ದಾರಿ ಬದಲಿಸಿ ಎಂದರೆ 'ಆಗ್ಲೇ ಹೇಳ್ಬೇಕಿತ್ತಲ್ಲ' ಎಂಬ ಉತ್ತರವೇ ಸಿಗುವುದು. ದುಡ್ಡು ಕಮ್ಮಿ ಎನಿಸಿದರೆ ಮಾತ್ರ ಜಿಲ್ಲಾ ನ್ಯಾಯಾಧೀಶರ ಮುಂದೆ ಹೋಗುವ ದಾರಿ ಇನ್ನೂ ತೆರೆದಿರುತ್ತದೆ.