ಆಟಿಸಂ ‘ಯಾರ ಕಡೆಯಿಂದ’ ಬಂತು?

ಮಗುವಿಗೆ ಆಟಿಸಂ (ಮಾತು, ಬೇರೆಯವರ ಜೊತೆ ಬೆರೆಯುವುದು ಬೇರೆ ಥರ ಇರುವ ಬೆಳವಣಿಗೆಯ ಸ್ಥಿತಿ) ಅಂತ ಗೊತ್ತಾದ ಕೂಡಲೇ ನಮ್ಮ ಮಂಡ್ಯ, ಮೈಸೂರಿನ ಎಷ್ಟೋ ಮನೆಗಳಲ್ಲಿ ಒಂದು ಮಾತು ಬರುತ್ತದೆ: ‘ನಮ್ಮ ವಂಶದಲ್ಲಿ ಯಾರಿಗೂ ಹೀಗಿಲ್ಲ, ಇದು ನಿಮ್ಮ ಕಡೆಯದ್ದೇ.’ ಆಮೇಲೆ ಸೊಸೆ ಬಸುರಿಯಲ್ಲಿ ಏನು ತಿಂದಳು, ಗ್ರಹಣದ ದಿನ ಆಚೆ ಬಂದಿದ್ದಳಾ ಅನ್ನೋ ವಿಚಾರಣೆ. ಸುತ್ತಿ ಬಳಸಿ ಎಲ್ಲ ತಾಯಿಯ ತಲೆಗೇ. ಓದಿದ ವೈದ್ಯರೂ ಬಹಳ ಕಾಲ ಇದನ್ನೇ ಮಾಡಿದರು.

1943ರಲ್ಲಿ ಅಮೆರಿಕದ ಮಕ್ಕಳ ಮನೋವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ವಿವರ ಬರೆದು, ಇದು ಹುಟ್ಟಿನಿಂದಲೇ ಇರುವಂಥದ್ದು ಎಂದಿದ್ದರು. ಆದರೂ ತಾಯಿ ಪ್ರೀತಿ ತೋರಿಸಲಿಲ್ಲ, ಅದಕ್ಕೇ ಮಗು ಹೀಗಾಯಿತು ಅನ್ನೋ ವಾದ ಎರಡು ದಶಕ ಮೆರೆಯಿತು. ಎಷ್ಟು ತಾಯಂದಿರು ಆ ಸುಳ್ಳನ್ನು ಹೊತ್ತು ಬದುಕಿದರೋ!

1977ರಲ್ಲಿ ಮನೋವೈದ್ಯರಾದ ಸೂಸನ್ ಫೋಲ್‌ಸ್ಟೈನ್ ಮತ್ತು ಮೈಕೆಲ್ ರಟ್ಟರ್ ಬ್ರಿಟನ್ನಿನ 21 ಜೋಡಿ ಅವಳಿಗಳನ್ನು ನೋಡಿದರು. ತದ್ರೂಪಿಗಳು 11 ಜೋಡಿ, ಅದರಲ್ಲಿ 4 ಜೋಡಿಯಲ್ಲಿ ಇಬ್ಬರಿಗೂ ಆಟಿಸಂ. ತದ್ರೂಪಿಗಳಲ್ಲದ ಉಳಿದ 10 ಜೋಡಿಯಲ್ಲಿ ಇಬ್ಬರಿಗೂ ಇದ್ದದ್ದು ಒಂದರಲ್ಲೂ ಇಲ್ಲ. ಜೀನ್‌ಗಳ (ವಂಶವಾಹಿಗಳ) ಕೈವಾಡ ಇದೆ ಅಂತ ಆಯಿತು. ಆದರೆ ಮಿಕ್ಕ 7 ಜೋಡಿ ತದ್ರೂಪಿಗಳಲ್ಲಿ ಜೀನ್ ಒಂದೇ ಆದರೂ ಒಬ್ಬರಿಗಿದೆ, ಇನ್ನೊಬ್ಬರಿಗಿಲ್ಲ, ಅಲ್ವಾ?

ಹೊರಗಿನ ಕಾರಣಕ್ಕೂ ಅಷ್ಟರಲ್ಲೇ ಗಟ್ಟಿ ಸುಳಿವು ಸಿಕ್ಕಿತ್ತು. ಬಸುರಿಯಲ್ಲಿ ತಾಯಿಗೆ ರುಬೆಲ್ಲಾ (ಮೈಮೇಲೆ ಗುಳ್ಳೆ ಏಳುವ ಒಂದು ವೈರಸ್ ಜ್ವರ) ಬಂದಿದ್ದ 243 ಮಕ್ಕಳನ್ನು ನ್ಯೂಯಾರ್ಕ್‌ನ ಮಕ್ಕಳ ಮನೋವೈದ್ಯೆ ಸ್ಟೆಲ್ಲಾ ಚೆಸ್ ಪರೀಕ್ಷಿಸಿ, ಅವರಲ್ಲಿ ಆಟಿಸಂ ತುಂಬಾ ಜಾಸ್ತಿ ಎಂದು 1971ರಲ್ಲಿ ಬರೆದರು. ಆ ರುಬೆಲ್ಲಾ ತಡೆಯುವ ಲಸಿಕೆಯನ್ನೇ ಆಟಿಸಂಗೆ ಕಾರಣವಿರಬಹುದು ಅಂದಿದ್ದು 1998ರಲ್ಲಿ ಬಂದ, 12 ಮಕ್ಕಳ ಮೇಲಿನ ಒಂದು ಪ್ರಬಂಧ. ಅದನ್ನು 2010ರಲ್ಲಿ ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಯೇ ಹಿಂತೆಗೆದುಕೊಂಡಿತು. ಡೆನ್ಮಾರ್ಕ್‌ನಲ್ಲಿ ಆರೂವರೆ ಲಕ್ಷ ಮಕ್ಕಳನ್ನು ನೋಡಿದಾಗಲೂ ಅಂಥ ನಂಟು ಕಾಣಲಿಲ್ಲ. ಕರ್ನಾಟಕದಲ್ಲಿ 2017ರಲ್ಲಿ ದಡಾರ, ರುಬೆಲ್ಲಾ ಲಸಿಕೆ ಅಭಿಯಾನ ನಡೆಯಿತು, ದಯವಿಟ್ಟು ಅದಕ್ಕೆ ಹೆದರಬೇಡಿ.

ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್ ಮಾತ್ರೆಯದ್ದೂ ಇದೇ ಸಾಲಿನ ಕಥೆ. ಬಸುರಿಯಲ್ಲಿ ತಾಯಿ ಅದನ್ನು ತೆಗೆದುಕೊಂಡಿದ್ದರೆ ಮಗುವಿಗೆ ಆಟಿಸಂ ಆಗುವ ಸಾಧ್ಯತೆ ಸುಮಾರು 4.4%, ಉಳಿದವರಲ್ಲಿ 1.5% ಎಂದು 2013ರ ಡೆನ್ಮಾರ್ಕ್ ಅಧ್ಯಯನ ಹೇಳಿತು. ಅಂದರೆ ಅದೇ ಮಾತ್ರೆ, ಆದರೂ ನೂರರಲ್ಲಿ ಸುಮಾರು 95 ಮಕ್ಕಳಿಗೆ ಆಟಿಸಂ ಆಗಲಿಲ್ಲ. ಹಾಗಂತ ಮಾತ್ರೆಯನ್ನು ತಾವಾಗಿ ನಿಲ್ಲಿಸಬಾರದು, ಫಿಟ್ಸ್ ತಾಯಿಯ ಜೀವಕ್ಕೇ ಅಪಾಯ. ಬಸುರಿಗೆ ಮೊದಲೇ ಡಾಕ್ಟರ್ ಹತ್ತಿರ ಮಾತಾಡಿ ಬೇರೆ ಮಾತ್ರೆಗೆ ಬದಲಾಯಿಸಿಕೊಳ್ಳಬಹುದು.

2019ರಲ್ಲಿ ಐದು ದೇಶಗಳ 20 ಲಕ್ಷ ಮಕ್ಕಳ ಅಧ್ಯಯನ ಜೀನ್‌ಗಳ ಪಾಲು ಸುಮಾರು 80% ಎಂದಿತು. ಇದನ್ನು ಒಂದು ಮಗುವಿನ ಆಟಿಸಂನಲ್ಲಿ 80 ಭಾಗ ಜೀನ್, 20 ಭಾಗ ಹೊರಗಿನದ್ದು ಅಂತ ಓದಬಾರದು, ಅದು ಜನರ ನಡುವಿನ ವ್ಯತ್ಯಾಸದ ಲೆಕ್ಕ. ಗದ್ದೆಯಲ್ಲಿ ಬೆಳೆದ ಭತ್ತದಲ್ಲಿ ಬೀಜದ್ದೆಷ್ಟು ಮೂಟೆ, ನಾಲೆ ನೀರಿನದ್ದೆಷ್ಟು ಮೂಟೆ ಅಂತ ಬೇರೆ ಮಾಡೋಕಾಗುತ್ತಾ?

ಇನ್ನೊಂದು ವಿಷಯ ಅತ್ತೆ ಮಾವಂದಿರು ಕೇಳಿಸಿಕೊಳ್ಳಲೇಬೇಕು. ಕೆಲವು ಮಕ್ಕಳಲ್ಲಿ ಆಟಿಸಂಗೆ ಕಾರಣವಾಗುವ ಜೀನ್ ಬದಲಾವಣೆ ತಂದೆಯಲ್ಲೂ ಇರುವುದಿಲ್ಲ, ತಾಯಿಯಲ್ಲೂ ಇರುವುದಿಲ್ಲ, ಅದು ಹೊಸದಾಗಿ ಆಗಿದ್ದು. ಇಂಥ ಹೊಸ ಬದಲಾವಣೆಗಳು ಹೆಚ್ಚಾಗಿ ತಂದೆಯ ವೀರ್ಯಾಣುವಿನಲ್ಲಿ ಆಗುತ್ತವೆ, ಅವನ ವಯಸ್ಸಾದಂತೆ ಜಾಸ್ತಿಯಾಗುತ್ತವೆ.

ಮಗು ಕರೆದರೆ ತಿರುಗುತ್ತಿಲ್ಲ, ಬೆರಳು ಮಾಡಿ ಏನನ್ನೂ ತೋರಿಸುತ್ತಿಲ್ಲ ಅನಿಸಿದರೆ ಈ ಜಗಳದಲ್ಲಿ ತಿಂಗಳು ಕಳೆಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದಲೂ ಇದೆ, ಮಗುವನ್ನು ಕರೆದುಕೊಂಡು ಅಲ್ಲಿಗೆ ಹೋಗಿ.